ಮದುವೆ ಕಾಗದಕ್ಕೆ ನವಿರಾದ ಕೈಬರಹದ ಫಾಂಟ್: ಗೆರೆ ತುಂಡಾಗದ ಹಾಗೆ, ಹೆಸರು ಓದಲು ಬರುವ ಹಾಗೆ ಬಳಸುವುದು ಹೇಗೆ?

ಮೊಬೈಲಿನಲ್ಲಿ ನೋಡುವಾಗ ಹೆಸರು ತುಂಬಾ ಚಂದ ಇತ್ತು. ಐನೂರು ಕಾರ್ಡ್ ಪ್ರಿಂಟ್ ಆಗಿ ಮನೆಗೆ ಬಂದ ಮೇಲೆ ನೋಡಿದರೆ ಅಲ್ಲಲ್ಲಿ ಗೆರೆ ತುಂಡಾಗಿದೆ, ಅಜ್ಜಿಗೆ ಮದುಮಗಳ ಹೆಸರೇ ಓದಲು ಬರುತ್ತಿಲ್ಲ. ಮಂಗಳೂರು, ಉಡುಪಿ ಕಡೆ ಮದುವೆ ಕಾಗದ ಮಾಡಿಸುವವರಿಂದ ನಾನು ಅತಿ ಹೆಚ್ಚು ಕೇಳುವ ದೂರು ಇದೇ.

ಹೆಚ್ಚಿನವರ ತಪ್ಪು ಒಂದೇ. ಫಾಂಟ್ ಮೊದಲು ಆರಿಸುತ್ತಾರೆ, ಪೇಪರ್ ಮತ್ತು ಮುದ್ರಣದ ಮಾತು ಕೊನೆಗೆ ಆಡುತ್ತಾರೆ. ಇದನ್ನು ತಿರುಗಿಸಿ ಮಾಡಬೇಕು. ಮೊದಲು ಮುದ್ರಣ, ಆಮೇಲೆ ಪೇಪರ್, ಅದಾದ ಮೇಲೆ ಫಾಂಟ್. ಈ ಒಂದು ಕ್ರಮ ಹಿಡಿದರೆ ಅರ್ಧ ತೊಂದರೆ ಬರುವುದೇ ಇಲ್ಲ.

ನವಿರಾದ ಕೈಬರಹದ ಫಾಂಟ್ ಎಂದರೆ ಇಲ್ಲಿ ಇಂಗ್ಲಿಷಿನ ಸ್ಕ್ರಿಪ್ಟ್ ಫಾಂಟ್‌ಗಳು. ಒಂದು ಅಕ್ಷರದ ಬಾಲ ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ, ದೊಡ್ಡಕ್ಷರಗಳಿಗೆ ಉದ್ದದ ಸುರುಳಿ ಇರುತ್ತದೆ, ಕೆಲವು ಗೆರೆಗಳು ಕೂದಲೆಳೆಯಷ್ಟು ತೆಳು. ಕನ್ನಡ ಅಕ್ಷರಗಳಲ್ಲಿ ಅದೇ ಭಾವ ತರುವುದು ಬೇರೆಯೇ ಕೆಲಸ. ಅದಕ್ಕೆ 7ನೇ ಹಂತ ಇಟ್ಟಿದ್ದೇನೆ.

ಕೈಯಲ್ಲಿ ಇರಬೇಕಾದದ್ದು

ಕಂಪ್ಯೂಟರ್ ಮತ್ತು ಅದರಲ್ಲಿ ವಿನ್ಯಾಸದ ಸಾಫ್ಟ್‌ವೇರ್ ಆದ ಕೋರೆಲ್‌ಡ್ರಾ ಇದ್ದರೆ ಸಾಕು. ಅದು ಇಲ್ಲದವರು ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಹಾಕಿಕೊಳ್ಳಿ. ಮೊಬೈಲ್ ಆ್ಯಪ್‌ನಲ್ಲಿ ನಮೂನೆ ನೋಡಬಹುದು, ಪ್ರೆಸ್‌ಗೆ ಕೊಡುವ ಫೈಲ್ ಅದರಲ್ಲಿ ಮಾಡಬೇಡಿ. ಸಾಧಾರಣ ಲೇಸರ್ ಪ್ರಿಂಟರ್ ಬೇಕು, ಝೆರಾಕ್ಸ್ ಅಂಗಡಿಯದ್ದಾದರೂ ಆಗುತ್ತದೆ. ಮಿಲಿಮೀಟರ್ ಗುರುತಿರುವ ಸ್ಕೇಲ್, ಒಂದು ಭೂತಕನ್ನಡಿ. ಕಾರ್ಡಿನ ಎರಡು ಖಾಲಿ ಸ್ಯಾಂಪಲ್. ಮತ್ತೆ, ಎರಡೂ ಮನೆಯವರು ಒಪ್ಪಿದ ಹೆಸರುಗಳ ಪಟ್ಟಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ. ಈ ಪಟ್ಟಿ ಇಲ್ಲದೆ ಕೆಲಸ ಶುರು ಮಾಡಬೇಡಿ. ಹೆಸರಿನಲ್ಲಿ ಒಂದು ಎಚ್ ಸೇರಿದರೆ ಇಡೀ ಜೋಡಣೆ ಮತ್ತೆ ಮಾಡಬೇಕಾಗುತ್ತದೆ.

1. ಮುದ್ರಣ ಯಾವುದು ಎಂದು ಮೊದಲು ಗಟ್ಟಿ ಮಾಡಿ

ನಮ್ಮ ಕಡೆ ಹೆಚ್ಚಿನವರು ಅಂಗಡಿಗೆ ಹೋಗಿ ರೆಡಿಮೇಡ್ ಕಾರ್ಡ್ ಆರಿಸುತ್ತಾರೆ. ಮ್ಯಾಟರ್ ಮಾತ್ರ ಆಮೇಲೆ ಅದರ ಮೇಲೆ ಅಚ್ಚಾಗುತ್ತದೆ. ಆಗ ಕೇಳಬೇಕಾದ ಮೊದಲ ಪ್ರಶ್ನೆ: "ಈ ಕಾರ್ಡಿಗೆ ಮ್ಯಾಟರ್ ಆಫ್‌ಸೆಟ್ಟಾ, ಸ್ಕ್ರೀನ್ ಪ್ರಿಂಟಾ, ಫಾಯಿಲಾ?"

ಆಫ್‌ಸೆಟ್‌ನಲ್ಲಿ ಶಾಯಿ ಪ್ಲೇಟಿನಿಂದ ರಬ್ಬರ್ ಹಾಳೆಗೆ, ಅಲ್ಲಿಂದ ಪೇಪರಿಗೆ ಇಳಿಯುತ್ತದೆ, ತೆಳು ಗೆರೆ ಚೆನ್ನಾಗಿ ಬರುತ್ತದೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಶಾಯಿ ಜಾಲರಿ ಬಟ್ಟೆಯ ಕಣ್ಣುಗಳಿಂದ ಇಳಿಯಬೇಕು. ಗೆರೆ ಆ ಕಣ್ಣಿಗಿಂತ ಸಣ್ಣದಾದರೆ ಚುಕ್ಕಿ ಚುಕ್ಕಿ ಆಗುತ್ತದೆ. ಫಾಯಿಲ್‌ನಲ್ಲಿ ಬಿಸಿ ಮಾಡಿದ ಲೋಹದ ಬ್ಲಾಕ್ ಚಿನ್ನದ ಬಣ್ಣದ ಹಾಳೆಯನ್ನು ಕಾರ್ಡಿಗೆ ಒತ್ತುತ್ತದೆ. ಇಲ್ಲಿ ಎರಡು ಕಡೆ ಪೆಟ್ಟು ಬೀಳುತ್ತದೆ. ತೆಳು ಗೆರೆ ಹಿಡಿಯುವುದಿಲ್ಲ, ಸಣ್ಣ ಸುರುಳಿಯ ಒಳಗಿನ ಜಾಗ ಫಾಯಿಲ್‌ನಿಂದ ತುಂಬಿಹೋಗುತ್ತದೆ.

ನಾನು ಕೆಲಸದಲ್ಲಿ ಇಟ್ಟುಕೊಂಡ ಲೆಕ್ಕ ಹೀಗಿದೆ. ಅಕ್ಷರದ ಅತಿ ತೆಳುವಾದ ಗೆರೆ ನುಣುಪು ಪೇಪರ್ ಮೇಲೆ ಆಫ್‌ಸೆಟ್‌ಗೆ 0.1 ಮಿ.ಮೀ. ಇರಲಿ. ಸ್ಕ್ರೀನ್ ಪ್ರಿಂಟ್‌ಗೆ 0.2 ಮಿ.ಮೀ., ಫಾಯಿಲ್‌ಗೆ 0.25 ಮಿ.ಮೀ.ಗಿಂತ ಕಡಿಮೆ ಬೇಡ. ಕಡು ಬಣ್ಣದ ಹಿನ್ನೆಲೆಯಲ್ಲಿ ಅಕ್ಷರವನ್ನು ಬಿಳಿ ಬಿಡುವುದಾದರೆ ಆಫ್‌ಸೆಟ್‌ನಲ್ಲೂ ಇದರ ದುಪ್ಪಟ್ಟು ಬೇಕು, ಯಾಕೆಂದರೆ ಸುತ್ತಲಿನ ಶಾಯಿ ಒಳಗೆ ಹರಡುತ್ತದೆ. ನಿಮ್ಮ ಪ್ರೆಸ್‌ನವರು ಬೇರೆ ಅಳತೆ ಹೇಳಿದರೆ ಅವರ ಮಾತನ್ನೇ ಕೇಳಿ. ಅವರ ಮೆಷಿನ್ ಅವರಿಗೆ ಗೊತ್ತು.

ಪೇಪರ್ ಮೇಲೆ ಬೆರಳಾಡಿಸಿ ನೋಡಿ. ಉಬ್ಬುತಗ್ಗು, ಗೀರು, ಬಟ್ಟೆಯಂಥ ನೇಯ್ಗೆ ಕೈಗೆ ಸಿಕ್ಕಿದರೆ ತೆಳು ಗೆರೆ ಆ ತಗ್ಗಿನಲ್ಲಿ ಕಾಣೆಯಾಗುತ್ತದೆ. ಅಂಥ ಕಾರ್ಡೇ ಬೇಕು ಎನ್ನುವವರು ದಪ್ಪ ಗೆರೆಯ ಫಾಂಟ್‌ಗೆ ಈಗಲೇ ಮನಸ್ಸು ಮಾಡಿ.

ನಮ್ಮ ಊರಿನ ಇನ್ನೊಂದು ಸಂಗತಿ ಮಳೆ. ಆಟಿಯಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ತುಳು ತಿಂಗಳಲ್ಲಿ, ಮದುವೆ ಇಲ್ಲ. ಆಟಿ ಕಳೆದ ಕೂಡಲೇ ಮುಹೂರ್ತ ಇಟ್ಟುಕೊಂಡವರ ಕಾಗದ ಜಡಿಮಳೆಯಲ್ಲೇ ಅಚ್ಚಾಗುತ್ತದೆ. ಆಗ ಪೇಪರ್ ತೇವ ಹೀರಿ ಹಿಗ್ಗುತ್ತದೆ, ಶಾಯಿ ಒಣಗಲು ತಡ ಆಗುತ್ತದೆ, ಎರಡು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಮಳೆಗಾಲದ ಕಾರ್ಡಿಗೆ ಹೆಸರನ್ನು ಒಂದೇ ಬಣ್ಣದಲ್ಲಿ ಇಡಿ. ಪ್ರೆಸ್‌ಗೆ ಎರಡು ದಿನ ಜಾಸ್ತಿ ಕೊಡಿ.

2. ಯಾವ ಪದಕ್ಕೆ ಈ ಫಾಂಟ್ ಎಂದು ಗುರುತು ಹಾಕಿ

ಇಡೀ ಮ್ಯಾಟರ್ ಒಂದು ಹಾಳೆಯಲ್ಲಿ ಬರೆಯಿರಿ. ಮೇಲೆ ದೇವರ ಹೆಸರು, ಆಹ್ವಾನಿಸುವವರು, ಚಿ|| ರಾ||, ಚಿ|| ಸೌ||, ತಂದೆ ತಾಯಿ, ಮನೆತನ, ಮುಹೂರ್ತ, ಸಭಾಭವನ, ದಾರಿ, ಫೋನ್. ಅದರಲ್ಲಿ ಮದುಮಕ್ಕಳ ಎರಡು ಹೆಸರಿಗೆ ಮಾತ್ರ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯಿರಿ. ನವಿರಾದ ಫಾಂಟ್ ಅಷ್ಟಕ್ಕೇ. ತೀರಾ ಆಸೆ ಇದ್ದರೆ ಲಕೋಟೆಯ ಮೇಲೆ ಇನ್ನೊಂದು ಪದ.

ದಿನಾಂಕ, ಗಂಟೆ, ಹಾಲ್‌ನ ಹೆಸರು, ಫೋನ್ ನಂಬರ್ ಇದರಲ್ಲಿ ಬರೆಯಲೇ ಬೇಡಿ. ಇಂಥ ಫಾಂಟ್‌ಗಳಲ್ಲಿ 1 ಮತ್ತು 7 ಒಂದೇ ತರ ಕಾಣುವುದು ಸಾಮಾನ್ಯ. ಮುಹೂರ್ತ 11.17 ಎಂದಿದ್ದದ್ದನ್ನು ಒಬ್ಬರು 11.11 ಎಂದು, ಇನ್ನೊಬ್ಬರು 11.47 ಎಂದು ಓದಿದ್ದನ್ನು ನಾನೇ ಕೇಳಿದ್ದೇನೆ. ಗುತ್ತು, ಬರ್ಕೆ, ಬಾಳಿಕೆ ಎಂದು ಮನೆತನದ ಹೆಸರು ಬರುವ ಸಾಲೂ ಸ್ಪಷ್ಟ ಅಕ್ಷರದಲ್ಲೇ ಇರಲಿ. ಹಿರಿಯರು ಮೊದಲು ಹುಡುಕುವುದು ಆ ಸಾಲನ್ನು. ಇಗರ್ಜಿಯ ಮದುವೆಯಾದರೆ ಬಲಿಪೂಜೆಯ ಸಮಯ, ಮದುವೆಗೆ ಮೊದಲು ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದ ದಿನ ಇವಕ್ಕೂ ಇದೇ ನಿಯಮ.

3. ನಿಮ್ಮ ಹೆಸರನ್ನೇ ಬರೆದು ಫಾಂಟ್ ಆರಿಸಿ

ಫಾಂಟ್‌ನ ಜಾಹೀರಾತು ಚಿತ್ರ ನೋಡಿ ಆರಿಸಬೇಡಿ. ಆ ಚಿತ್ರದಲ್ಲಿರುವುದು ಆ ಫಾಂಟ್‌ನ ಅತಿ ಚಂದದ ಅಕ್ಷರಗಳು. ನಿಮ್ಮ ಹೆಸರಿನಲ್ಲಿ ಆ ಅಕ್ಷರಗಳು ಇರಬೇಕೆಂದೇನಿಲ್ಲ, ಅಲ್ವಾ?

ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ನಾಲ್ಕು ಫಾಂಟ್‌ಗಳಿಂದ ಶುರು ಮಾಡಿ: ಗ್ರೇಟ್ ವೈಬ್ಸ್, ಅಲ್ಲುರಾ, ಪಿನ್ಯನ್ ಸ್ಕ್ರಿಪ್ಟ್, ಸ್ಯಾಕ್ರಮೆಂಟೊ. ಗ್ರೇಟ್ ವೈಬ್ಸ್‌ನ ದೊಡ್ಡಕ್ಷರಗಳಿಗೆ ಉದ್ದದ ಸುರುಳಿ ಇದೆ, ಸುತ್ತ ಜಾಗ ಬೇಕು. ಪಿನ್ಯನ್‌ನಲ್ಲಿ ದಪ್ಪ ಗೆರೆಗೂ ತೆಳು ಗೆರೆಗೂ ವ್ಯತ್ಯಾಸ ಜಾಸ್ತಿ, ಆದ್ದರಿಂದ ಆಫ್‌ಸೆಟ್‌ಗೆ ಮಾತ್ರ. ಅಲ್ಲುರಾ ಓದಲು ಸುಲಭ. ಸ್ಯಾಕ್ರಮೆಂಟೊದಲ್ಲಿ ಗೆರೆ ಹೆಚ್ಚು ಕಡಿಮೆ ಒಂದೇ ದಪ್ಪ. ಫಾಯಿಲ್ ಮಾಡಿಸುವವರಿಗೆ ನಾನು ಮೊದಲು ತೋರಿಸುವುದು ಇದನ್ನು.

ನಮ್ಮ ಕಡೆಯ ಅಡ್ಡಹೆಸರುಗಳೇ ಒಳ್ಳೆಯ ಪರೀಕ್ಷೆ. ಶೆಟ್ಟಿ ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಅದರಲ್ಲಿ ಎರಡು ಟಿ ಅಕ್ಕಪಕ್ಕ ಬರುತ್ತವೆ. ಒಳ್ಳೆಯ ಫಾಂಟ್ ಆದರೆ ಎರಡಕ್ಕೂ ಸೇರಿ ಒಂದೇ ಅಡ್ಡಗೆರೆ ಬರುತ್ತದೆ, ಇಲ್ಲವೇ ಎರಡು ಅಡ್ಡಗೆರೆಗಳು ಹೊಂದಿಕೊಂಡು ಕೂರುತ್ತವೆ. ಕೆಟ್ಟ ಫಾಂಟ್‌ನಲ್ಲಿ ಒಂದರ ಗೆರೆ ಇನ್ನೊಂದಕ್ಕೆ ಚುಚ್ಚುತ್ತದೆ. ಪೂಜಾರಿ ಬರೆದು ನೋಡಿ. ಜೆ ಮತ್ತು ವೈ ಎರಡರ ಬಾಲವೂ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿಗೆ ತಾಗುತ್ತದೆಯೇ ಎಂದು ಅಲ್ಲೇ ಗೊತ್ತಾಗುತ್ತದೆ. ರೈ ಮೂರೇ ಅಕ್ಷರ. ಆರ್‌ನ ಸುರುಳಿ ಜಾಸ್ತಿಯಾದರೆ ಅದು ಕೆ ಎಂದು ಕಾಣುತ್ತದೆ. ಡಿಸೋಜಾದಲ್ಲಿ ಡಿ ಆದ ಮೇಲಿನ ಚಿಹ್ನೆ ಎಸ್‌ನ ಸುರುಳಿಯೊಳಗೆ ಮಾಯವಾಗುತ್ತದೆ.

ಈಗ ಹೆಸರನ್ನು ಕಾರ್ಡಿನ ಅಳತೆಯಲ್ಲೇ ಪ್ರಿಂಟ್ ತೆಗೆದು, ಮದುಮಕ್ಕಳ ಹೆಸರು ಗೊತ್ತಿಲ್ಲದ ಹಿರಿಯರೊಬ್ಬರಿಗೆ ತೋರಿಸಿ. ಏನೂ ಹೇಳಬೇಡಿ. ತಡವರಿಸದೆ ಓದಿದರೆ ಫಾಂಟ್ ಪಾಸ್. ಎಲ್ ಅನ್ನು ಎಸ್ ಎಂದೋ, ಎನ್ ಅನ್ನು ಯು ಎಂದೋ ಓದಿದರೆ ಬೇರೆ ಫಾಂಟ್ ನೋಡಿ. ಮನೆಯವರಿಗೆ ತೋರಿಸಿ ಉಪಯೋಗ ಇಲ್ಲ, ಅವರು ಹೆಸರು ಗೊತ್ತಿದ್ದೇ ಓದುತ್ತಾರೆ.

4. ಪರವಾನಗಿ ನೋಡಿ

ಇದು ಎರಡು ನಿಮಿಷದ ಕೆಲಸ. ಉಚಿತ ಫಾಂಟ್ ಎಂದು ಸಿಗುವ ಎಷ್ಟೋ ಫಾಂಟ್‌ಗಳ ಜೊತೆ "ವೈಯಕ್ತಿಕ ಬಳಕೆಗೆ ಮಾತ್ರ" ಎಂಬ ಷರತ್ತು ಇರುತ್ತದೆ. ನಿಮ್ಮ ಮನೆಯ ಮದುವೆ ಬೇರೆ, ನೀವು ದುಡ್ಡು ತೆಗೆದುಕೊಂಡು ಬೇರೆಯವರಿಗೆ ಮಾಡಿಕೊಡುವುದು ಬೇರೆ. ಮೇಲೆ ಹೇಳಿದ ನಾಲ್ಕೂ ಫಾಂಟ್ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಇವೆ, ವ್ಯಾಪಾರಕ್ಕೂ ಬಳಸಬಹುದು.

5. ಜೋಡಣೆ: ಅಂಟಿದ ಗೆರೆಯನ್ನು ಬಿಡಿಸಬೇಡಿ

ಹೆಸರು ಟೈಪ್ ಮಾಡಿದ ಕೂಡಲೇ ಅಕ್ಷರಗಳ ನಡುವಿನ ಅಂತರ ಸೊನ್ನೆಯಲ್ಲಿ ಇದೆಯೇ ನೋಡಿ. ಅಂತರ ಒಂದಿಷ್ಟು ಹೆಚ್ಚಿಸಿದರೂ ಅಂಟಿದ ಬಾಲಗಳು ಬಿಟ್ಟುಹೋಗುತ್ತವೆ, ಹೆಸರು ತುಂಡು ದಾರದಂತೆ ಕಾಣುತ್ತದೆ. ಕಾರ್ಡಿನ ಅಗಲಕ್ಕೆ ತುಂಬಿಸಲು ಅಡ್ಡಕ್ಕೆ ಎಳೆಯಬೇಡಿ. ಎಳೆದರೆ ನೆಟ್ಟಗಿನ ಗೆರೆ ದಪ್ಪ ಆಗುತ್ತದೆ, ಮಲಗಿದ ಗೆರೆ ಹಾಗೇ ಉಳಿಯುತ್ತದೆ, ಕೈಬರಹದ ಲಯ ಹೋಗುತ್ತದೆ. ಸಾಫ್ಟ್‌ವೇರ್‌ನ ಬೋಲ್ಡ್, ಇಟಾಲಿಕ್ ಬಟನ್ ಮುಟ್ಟಬೇಡಿ. ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆಯುವುದಂತೂ ಬೇಡವೇ ಬೇಡ. ಸುರುಳಿಗೆ ಸುರುಳಿ ಸಿಕ್ಕಿಕೊಂಡು ಯಾರಿಗೂ ಓದಲು ಆಗುವುದಿಲ್ಲ.

ಕೆಲವು ಫಾಂಟ್‌ಗಳಲ್ಲಿ ಒಂದೇ ಅಕ್ಷರಕ್ಕೆ ಮೂರು ನಾಲ್ಕು ರೂಪ ಇರುತ್ತವೆ. ಕೋರೆಲ್‌ನಲ್ಲಿ ಓಪನ್‌ಟೈಪ್ ಆಯ್ಕೆಗಳಲ್ಲಿ, ಇಂಕ್‌ಸ್ಕೇಪ್‌ನಲ್ಲಿ ಟೆಕ್ಸ್ಟ್ ಅಂಡ್ ಫಾಂಟ್ ಪೆಟ್ಟಿಗೆಯ ಫೀಚರ್ಸ್ ಭಾಗದಲ್ಲಿ ಅವು ಸಿಗುತ್ತವೆ. ಉದ್ದ ಬಾಲದ ರೂಪ ಒಂದು ಹೆಸರಿಗೆ ಒಂದೇ ಕಡೆ ಹಾಕಿ, ಅದೂ ಕೊನೆಯ ಅಕ್ಷರಕ್ಕೆ. ಶುರುವಿನಲ್ಲಿ ಸುರುಳಿ, ನಡುವೆ ಸುರುಳಿ, ಕೊನೆಯಲ್ಲೂ ಸುರುಳಿ ಎಂದು ಹಾಕಿದರೆ ಕಣ್ಣಿಗೆ ಹೆಸರು ಸಿಗದೆ ಬರೀ ಬಳ್ಳಿ ಸಿಗುತ್ತದೆ.

ಎರಡು ಹೆಸರು ಒಂದೇ ಸಾಲಿನಲ್ಲಿ ಹಿಡಿಸಲು ಅಕ್ಷರ ಸಣ್ಣ ಮಾಡಬೇಡಿ. ಮೇಲೊಂದು ಕೆಳಗೊಂದು ಬರೆಯಿರಿ, ನಡುವಿನ "ಜೊತೆ" ಪದ ಸಣ್ಣ ಸಾದಾ ಅಕ್ಷರದಲ್ಲಿ ಇರಲಿ. ಮೇಲಿನ ಹೆಸರಿನ ಬಾಲ ಕೆಳಗಿನ ಹೆಸರಿನ ದೊಡ್ಡಕ್ಷರಕ್ಕೆ ತಾಗಬಾರದು. ಗಣಪತಿಯ ಚಿತ್ರದ ಸೊಂಡಿಲಿಗೂ ತಾಗಬಾರದು. ಅದನ್ನು ನೋಡಿ ಬೇಸರ ಪಟ್ಟುಕೊಂಡ ಮನೆಯವರನ್ನು ಕಂಡಿದ್ದೇನೆ.

6. ತೆಳು ಗೆರೆಯನ್ನು ಅಳೆಯಿರಿ

ಈ ಹಂತವನ್ನು ಯಾರೂ ಮಾಡುವುದಿಲ್ಲ. ನಾನೂ ಒಂದು ಕಾಲದಲ್ಲಿ ಮಾಡುತ್ತಿರಲಿಲ್ಲ. ನನ್ನ ಚಿಕ್ಕಪ್ಪನ ಮಗಳ ಮದುವೆಗೆ ಚಿನ್ನದ ಫಾಯಿಲ್‌ನಲ್ಲಿ ಹೆಸರು ಹಾಕಿಸಿದೆವು. ಕಾರ್ಡ್ ಕಟ್ಟು ಬಿಚ್ಚಿ ಮೊದಲ ಕಾರ್ಡನ್ನು ಕಿಟಕಿ ಬೆಳಕಿಗೆ ಹಿಡಿದಾಗ ಎದೆ ಧಸಕ್ಕೆಂದಿತು. ದಪ್ಪ ಗೆರೆಗಳು ಹೊಳೆಯುತ್ತಿದ್ದವು, ಅಕ್ಷರದಿಂದ ಅಕ್ಷರಕ್ಕೆ ಹೋಗುವ ಕೂದಲೆಳೆ ಎಲ್ಲಿಯೂ ಇರಲಿಲ್ಲ. ಎಚ್‌ನ ಕಾಲು ಒಂದು ಕಡೆ, ಅದರ ಕಮಾನು ಇನ್ನೊಂದು ಕಡೆ. ಸಣ್ಣ ಇ ಅಕ್ಷರದ ಕಣ್ಣು ಪೂರ್ತಿ ತುಂಬಿ ಚಿನ್ನದ ಚುಕ್ಕಿಯಾಗಿತ್ತು. ಪ್ರೆಸ್‌ನವರು ನಾವು ಕೊಟ್ಟದ್ದನ್ನೇ ಒತ್ತಿದ್ದರು. ಆ ಗೆರೆ ಎಷ್ಟು ತೆಳು ಎಂದು ನಾವು ನೋಡಿರಲೇ ಇಲ್ಲ.

ಅಳೆಯುವುದು ಹೀಗೆ. ಹೆಸರಿನ ಒಂದು ಪ್ರತಿ ತೆಗೆದು ಅದನ್ನು ಕರ್ವ್ ಮಾಡಿ, ಅಂದರೆ ಟೈಪ್ ಮಾಡಿದ ಅಕ್ಷರವನ್ನು ಬರೀ ಆಕಾರವಾಗಿ ಬದಲಿಸಿ. ಕೋರೆಲ್‌ನಲ್ಲಿ ಕಂಟ್ರೋಲ್ ಮತ್ತು ಕ್ಯೂ, ಇಂಕ್‌ಸ್ಕೇಪ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಸಿ. ಅತಿ ತೆಳುವಾಗಿ ಕಾಣುವ ಗೆರೆಯನ್ನು ದೊಡ್ಡದು ಮಾಡಿ ನೋಡಿ. ಸಾಮಾನ್ಯವಾಗಿ ಅದು ಮೇಲೆ ಹತ್ತುವ ಗೆರೆ ಆಗಿರುತ್ತದೆ. ಒಂದು ಸಣ್ಣ ಚೌಕ ಬರೆದು, ಆ ಗೆರೆಯ ದಪ್ಪಕ್ಕೆ ಸರಿಯಾಗಿ ಕೂರುವ ತನಕ ಸಣ್ಣ ಮಾಡಿ. ಚೌಕದ ಅಗಲ ಎಷ್ಟು ಮಿಲಿಮೀಟರ್ ಎಂದು ಸಾಫ್ಟ್‌ವೇರೇ ತೋರಿಸುತ್ತದೆ.

ಉದಾಹರಣೆಗೆ 24 ಪಾಯಿಂಟ್ ಅಳತೆಯಲ್ಲಿ ಗೆರೆ 0.1 ಮಿ.ಮೀ. ಬಂತು ಎಂದುಕೊಳ್ಳಿ. ಅಕ್ಷರ ದೊಡ್ಡದಾದ ಹಾಗೆ ಗೆರೆಯೂ ಅದೇ ಪ್ರಮಾಣದಲ್ಲಿ ದಪ್ಪ ಆಗುತ್ತದೆ. 36 ಪಾಯಿಂಟ್‌ಗೆ 0.15, 48 ಪಾಯಿಂಟ್‌ಗೆ 0.2. ಸ್ಕ್ರೀನ್ ಪ್ರಿಂಟ್ ಆದರೆ ನಿಮಗೆ 48 ಪಾಯಿಂಟ್ ಬೇಕು, ಫಾಯಿಲ್‌ಗೆ 60. ಅಷ್ಟು ದೊಡ್ಡ ಅಕ್ಷರ ಕಾರ್ಡಿನಲ್ಲಿ ಹಿಡಿಸುತ್ತದೆಯೇ? ಇಲ್ಲ ಎಂದಾದರೆ ಫಾಂಟ್ ಬದಲಿಸಿ.

ಬದಲಿಸಲು ಮನಸ್ಸೇ ಬಾರದಿದ್ದರೆ ಒಂದು ಉಪಾಯ ಇದೆ. ಅಕ್ಷರಕ್ಕೆ ಅದೇ ಬಣ್ಣದ ಸಪೂರ ಅಂಚುಗೆರೆ ಕೊಡಿ. 0.05 ಮಿ.ಮೀ. ಅಂಚು ಕೊಟ್ಟರೆ ಎರಡೂ ಬದಿಯಿಂದ ಅರ್ಧರ್ಧ ಸೇರಿ ಗೆರೆ ಒಟ್ಟು 0.05 ಮಿ.ಮೀ. ದಪ್ಪ ಆಗುತ್ತದೆ. ಮೂಲೆಗಳನ್ನು ದುಂಡಗೆ ಇಡಿ. 0.1 ದಾಟಿ ಹೋಗಬೇಡಿ. ಆಗ ಇ, ಎ ಅಕ್ಷರಗಳ ಒಳಗಿನ ಕಣ್ಣು ಮುಚ್ಚಿಕೊಳ್ಳುತ್ತದೆ. ಕೊನೆಗೆ ಆ ಅಂಚನ್ನೂ ಆಬ್ಜೆಕ್ಟ್ ಆಗಿ ಬದಲಿಸಿ. ಇಲ್ಲದಿದ್ದರೆ ಪ್ರೆಸ್‌ನಲ್ಲಿ ಫೈಲ್ ದೊಡ್ಡದು ಚಿಕ್ಕದು ಮಾಡಿದಾಗ ಅಂಚಿನ ಅಳತೆ ತಪ್ಪಬಹುದು.

7. ಹೆಸರು ಕನ್ನಡದಲ್ಲಿ ಇದ್ದರೆ

ಕನ್ನಡ ಅಕ್ಷರಗಳು ಒಂದಕ್ಕೊಂದು ಅಂಟುವುದಿಲ್ಲ. ಇಂಗ್ಲಿಷ್ ಸ್ಕ್ರಿಪ್ಟ್‌ನಂತೆ ಕಾಣಲೆಂದು ತಲೆಕಟ್ಟುಗಳನ್ನು ಎಳೆದು ಸೇರಿಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ತಲೆಕಟ್ಟು ಅಲಂಕಾರ ಅಲ್ಲ, ಅದು ಅಕ್ಷರದ ಭಾಗ. ಅದನ್ನು ತಿರುಚಿದರೆ ಕಾಗುಣಿತ ಕೆಡುತ್ತದೆ, ತ ಯಾವುದು ತಿ ಯಾವುದು ಎಂದು ತಿಳಿಯುವುದಿಲ್ಲ. ಕನ್ನಡದಲ್ಲಿ ನವಿರು ಬರುವುದು ಸಪೂರ ಗೆರೆ, ದುಂಡನೆಯ ತಿರುವು ಮತ್ತು ಸುತ್ತಲಿನ ಖಾಲಿ ಜಾಗದಿಂದ.

ಕೈಬರಹದ ಭಾವ ಬೇಕಾದರೆ ಯೂನಿಕೋಡ್‌ನ ನವಿಲು ಫಾಂಟ್ ನೋಡಿ. ಗೂಗಲ್ ಫಾಂಟ್ಸ್‌ನ ಹುಬ್ಬಳ್ಳಿ ಫಾಂಟ್‌ನಲ್ಲಿ ಗೆರೆ ಒಂದೇ ದಪ್ಪದಲ್ಲಿ ಹರಿಯುತ್ತದೆ. ನೋಟೋ ಸೆರಿಫ್ ಕನ್ನಡದಲ್ಲಿ ತೀರಾ ಸಪೂರದಿಂದ ತೀರಾ ದಪ್ಪದ ತನಕ ಹಲವು ತೂಕ ಸಿಗುತ್ತವೆ. ಇದರ ಸಪೂರ ತೂಕದಲ್ಲಿ ಹೆಸರು, ಸಾಧಾರಣ ತೂಕದಲ್ಲಿ ಉಳಿದ ಮ್ಯಾಟರ್ ಹಾಕಿದರೆ ಕಾರ್ಡ್ ಒಂದೇ ಕೈಯಲ್ಲಿ ಬರೆದಂತೆ ಕಾಣುತ್ತದೆ. ಇಂಗ್ಲಿಷ್ ಹೆಸರು ಸ್ಕ್ರಿಪ್ಟ್‌ನಲ್ಲಿ, ಕನ್ನಡ ಹೆಸರು ಸಪೂರ ಸಾದಾ ಅಕ್ಷರದಲ್ಲಿ ಇರುವ ಜೋಡಿಯೂ ಚಂದ. ಎರಡರ ಗೆರೆಯ ದಪ್ಪ ಹತ್ತಿರ ಹತ್ತಿರ ಇದ್ದರೆ ಆಯಿತು.

ಜಾಗದ ವಿಷಯದಲ್ಲಿ ಒತ್ತಕ್ಷರವನ್ನು ಮರೆಯಬೇಡಿ. ಶ್ವೇತಾ, ಅಶ್ವಿನ್, ಪ್ರಜ್ಞಾ, ಐಶ್ವರ್ಯಾ ಇಂಥ ಹೆಸರುಗಳಲ್ಲಿ ಒತ್ತು ಕೆಳಗೆ ಇಳಿಯುತ್ತದೆ. ಅಕ್ಷರ 30 ಪಾಯಿಂಟ್ ಆದರೆ ಸಾಲಿನ ಅಂತರ 45 ಪಾಯಿಂಟ್‌ಗಿಂತ ಕಡಿಮೆ ಬೇಡ. ಒತ್ತಿನ ಗೆರೆ ಮೇಲಿನ ಅಕ್ಷರದ ಗೆರೆಗಿಂತ ಸಪೂರ ಇರುವ ಫಾಂಟ್‌ಗಳಿವೆ. 6ನೇ ಹಂತದ ಅಳತೆಯನ್ನು ಕನ್ನಡದಲ್ಲಿ ಒತ್ತಿಗೂ ಅರ್ಕಾವತ್ತಿಗೂ ಮಾಡಬೇಕು, ತಲೆಕಟ್ಟಿಗೆ ಮಾತ್ರ ಅಲ್ಲ.

ಇನ್ನು ಟೈಪಿಂಗ್. ರಾಜ್‌ಕುಮಾರ್ ಎಂದು ಬರಬೇಕಾದದ್ದು ರಾಜ್ಕುಮಾರ್ ಎಂದು ಕೂಡಿಕೊಳ್ಳುತ್ತದೆ. ಜ್ ಆದ ಮೇಲೆ ಅಕ್ಷರ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ ಒಂದಿದೆ. ಅದನ್ನು ಹಾಕಿದರೆ ಬಿಡಿಸಿಕೊಳ್ಳುತ್ತದೆ. ಒಂದು ವೇಳೆ ನಿಮ್ಮ ಡಿಟಿಪಿಯವರು ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲಿ ಕೆಲಸ ಮಾಡುತ್ತಿದ್ದರೆ ನೀವು ಕಳಿಸಿದ ಯೂನಿಕೋಡ್ ಮ್ಯಾಟರನ್ನು ಅವರು ಪರಿವರ್ತಿಸಬೇಕಾಗುತ್ತದೆ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಆಚೀಚೆ ಆಗುತ್ತವೆ. ಪರಿವರ್ತಿಸಿದ ಮೇಲೆ ಇಡೀ ಮ್ಯಾಟರನ್ನು ಹೊಸತಾಗಿ ಓದಿ. ಫೋಟೋಶಾಪ್‌ನಲ್ಲಿ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದರೆ ಪಠ್ಯದ ಸೆಟ್ಟಿಂಗ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಆಯ್ಕೆ ಮಾಡಿಕೊಳ್ಳಿ.

8. ಬಣ್ಣ

ಕಪ್ಪು ಅಕ್ಷರ ಎಂದರೆ ಬರೀ ಕಪ್ಪು ಶಾಯಿ ನೂರಕ್ಕೆ ನೂರು. ನಾಲ್ಕು ಬಣ್ಣ ಬೆರೆಸಿದ ಕಪ್ಪು ಬೇಡ. ನಾಲ್ಕು ಪ್ಲೇಟ್ ಕೂದಲೆಳೆಯಷ್ಟು ಸರಿದರೂ ತೆಳು ಗೆರೆಯ ಪಕ್ಕ ನೀಲಿ, ಕೆಂಪು ನೆರಳು ಕಾಣುತ್ತದೆ. ಇಂಕ್‌ಸ್ಕೇಪ್‌ನಿಂದ ಬರುವ ಪಿಡಿಎಫ್ ಸಾಮಾನ್ಯವಾಗಿ ಪರದೆಯ ಬಣ್ಣದಲ್ಲೇ ಇರುತ್ತದೆ. ಅಚ್ಚಿನ ಬಣ್ಣಕ್ಕೆ ಬದಲಿಸುವಾಗ ಕಪ್ಪು ನಾಲ್ಕು ಬಣ್ಣವಾಗಿ ಒಡೆಯುತ್ತದೆ. "ಅಕ್ಷರ ಒಂಟಿ ಕಪ್ಪಿನಲ್ಲಿ ಇರಲಿ" ಎಂದು ಪ್ರೆಸ್‌ಗೆ ಬರೆದೇ ಕೊಡಿ.

ತೆಳು ಅಕ್ಷರಕ್ಕೆ ತಿಳಿ ಬೂದು, ತಿಳಿ ಗುಲಾಬಿ ಕೊಟ್ಟರೂ ಕೆಡುತ್ತದೆ. ತಿಳಿ ಬಣ್ಣ ಆಫ್‌ಸೆಟ್‌ನಲ್ಲಿ ಸಣ್ಣ ಚುಕ್ಕಿಗಳಾಗಿ ಬೀಳುತ್ತದೆ, ಗೆರೆಯ ಅಂಚು ಗರಗಸದಂತೆ ಆಗುತ್ತದೆ. ಕಡು ಕಂದು, ಕಡು ಹಸಿರು ಬೇಕಾದರೆ ಆ ಬಣ್ಣದ ಶಾಯಿಯನ್ನೇ ಬೆರೆಸಿಕೊಡುತ್ತಾರೆಯೇ ಎಂದು ಕೇಳಿ.

9. ಕರ್ವ್, ವೆಲ್ಡ್, ಪಿಡಿಎಫ್

ಮೊದಲು ಫೈಲನ್ನು ತಿದ್ದಲು ಬರುವ ರೂಪದಲ್ಲೇ ಬೇರೆ ಹೆಸರಿನಲ್ಲಿ ಉಳಿಸಿ. ಕರ್ವ್ ಆದ ಮೇಲೆ ಅಕ್ಷರ ತಿದ್ದಲು ಆಗುವುದಿಲ್ಲ. ಚಿಕ್ಕಮ್ಮನ ಹೆಸರು ಬಿಟ್ಟುಹೋಗಿದೆ ಎಂಬ ಫೋನ್ ಬರುವುದು ಯಾವಾಗಲೂ ಅದಾದ ಮೇಲೆಯೇ.

ಆಮೇಲೆ ಎಲ್ಲಾ ಅಕ್ಷರಗಳನ್ನು ಕರ್ವ್ ಮಾಡಿ. ಪ್ರೆಸ್‌ನ ಕಂಪ್ಯೂಟರ್‌ನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಹೆಸರು ಬೇರೆ ಯಾವುದೋ ಅಕ್ಷರದಲ್ಲಿ ತೆರೆದುಕೊಳ್ಳುತ್ತದೆ. ಕರ್ವ್ ಆದರೆ ಆ ಭಯ ಇಲ್ಲ, ಫಾಂಟ್ ಫೈಲ್ ಕಳಿಸುವ ಅಗತ್ಯವೂ ಇಲ್ಲ.

ಮೂರನೆಯದು ವೆಲ್ಡ್. ಅಂಟಿದ ಅಕ್ಷರಗಳು ಕಣ್ಣಿಗೆ ಒಂದಾಗಿ ಕಂಡರೂ ಫೈಲಿನಲ್ಲಿ ಒಂದರ ಮೇಲೊಂದು ಏರಿಕೊಂಡ ಬೇರೆ ಬೇರೆ ಆಕಾರಗಳು. ಮುದ್ರಣಕ್ಕೆ ಹೆಚ್ಚಿನ ಸಲ ನಡೆದುಹೋಗುತ್ತದೆ. ಫಾಯಿಲ್ ಬ್ಲಾಕ್, ಲೇಸರ್ ಕಟಿಂಗ್, ಸ್ಟಿಕರ್ ಕಟಿಂಗ್‌ಗೆ ಕೊಟ್ಟರೆ ಏರಿಕೊಂಡ ಜಾಗದಲ್ಲಿ ಮೆಷಿನ್ ಎರಡು ಸಲ ಕೊಯ್ಯುತ್ತದೆ ಅಥವಾ ಅಲ್ಲಿ ಬಿಳಿ ತೂತು ಬೀಳುತ್ತದೆ. ಕೋರೆಲ್‌ನಲ್ಲಿ ವೆಲ್ಡ್, ಇಂಕ್‌ಸ್ಕೇಪ್‌ನಲ್ಲಿ ಯೂನಿಯನ್ ಕೊಟ್ಟು ಒಂದೇ ಆಕಾರ ಮಾಡಿ. ನಂತರ ಬಣ್ಣ ತೆಗೆದು ಬರೀ ಹೊರಗೆರೆಯಲ್ಲಿ ನೋಡಿ. ಅಕ್ಷರದೊಳಗೆ ಅಡ್ಡಗೆರೆ ಕಂಡರೆ ವೆಲ್ಡ್ ಆಗಿಲ್ಲ. ಎಲ್ಲಾ ಸರಿ ಇದ್ದರೆ ಪಿಡಿಎಫ್ ಮಾಡಿ ಪ್ರೆಸ್‌ಗೆ ಕೊಡಿ.

10. ಪ್ರೂಫ್

ಪ್ರೂಫನ್ನು, ಅಂದರೆ ಅಚ್ಚಿಗೆ ಮೊದಲಿನ ಪರೀಕ್ಷಾ ಪ್ರತಿಯನ್ನು, ವಾಟ್ಸಾಪ್‌ನಲ್ಲಿ ನೋಡಿ "ಓಕೆ" ಎನ್ನಬೇಡಿ. ಮಂಗಳೂರಿನ ಹಂಪನಕಟ್ಟೆಯ ಪ್ರೆಸ್ ಇರಲಿ, ಉಡುಪಿಯದ್ದಿರಲಿ, ಬಸ್ ಹತ್ತಿ ಹೋಗಿ. ಅದೇ ಕಾರ್ಡಿನ ಮೇಲೆ, ಅದೇ ಶಾಯಿಯಲ್ಲಿ ಒಂದು ಪ್ರತಿ ತೆಗೆಸಿ. ಫಾಯಿಲ್ ಆದರೆ ಬ್ಲಾಕ್ ಆದ ಮೇಲೆ ಮೊದಲ ನಾಲ್ಕೈದು ಕಾರ್ಡ್ ಒತ್ತುವಾಗ ಅಲ್ಲೇ ನಿಂತಿರಿ. ಶಾಖ, ಒತ್ತಡ ಸ್ವಲ್ಪ ಹೆಚ್ಚು ಕಡಿಮೆ ಮಾಡಿ ನೋಡಲು ಅವರಿಗೂ ಅದೇ ಸಮಯ.

ಓದುವ ಕ್ರಮ ಹೀಗಿರಲಿ. ಮೊದಲು ಬೆಳಕಿಗೆ ಹಿಡಿದು ಗೆರೆಗಳನ್ನು ಭೂತಕನ್ನಡಿಯಲ್ಲಿ ನೋಡಿ. ಆಮೇಲೆ ಹೆಸರುಗಳನ್ನು ಪಟ್ಟಿಯ ಜೊತೆ ಒಂದೊಂದೇ ಅಕ್ಷರ ತಾಳೆ ಹಾಕಿ. ಕೊನೆಗೆ ಕಾರ್ಡನ್ನು ಒಂದು ಕೈ ದೂರದಲ್ಲಿ ಹಿಡಿದು, ಟ್ಯೂಬ್‌ಲೈಟ್ ಬೆಳಕಿನಲ್ಲಿ ಓದಿ. ಹೇಳಿಕೆ (ಆಮಂತ್ರಣ) ಕಾಗದ ಮನೆ ಮನೆಗೆ ಕೊಟ್ಟಾಗ ಜನ ಓದುವುದು ಚಾವಡಿಯ ಆ ಬೆಳಕಿನಲ್ಲೇ.

11. ವಾಟ್ಸಾಪ್ ಪ್ರತಿ ಬೇರೆಯೇ ಮಾಡಿ

ಅಚ್ಚಿನ ಫೈಲನ್ನೇ ಚಿತ್ರ ಮಾಡಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ತೆಳು ಗೆರೆ ಮೊದಲು ಅಳಿಯುತ್ತದೆ. 1080 ಪಿಕ್ಸೆಲ್ ಅಗಲದ ಬೇರೆ ಪ್ರತಿ ಮಾಡಿ. ಅದರಲ್ಲಿ ಹೆಸರು ಅಚ್ಚಿಗಿಂತ ದೊಡ್ಡದಿರಲಿ, ಅತಿ ತೆಳು ಗೆರೆ 3 ಪಿಕ್ಸೆಲ್‌ಗೆ ಕಡಿಮೆ ಆಗದಿರಲಿ. ಕಡು ಹಿನ್ನೆಲೆಗೆ ಚಿನ್ನದ ಬಣ್ಣದ ಸಪೂರ ಅಕ್ಷರ ಬಿಸಿಲಲ್ಲಿ ಕಾಣುವುದೇ ಇಲ್ಲ, ತಿಳಿ ಹಿನ್ನೆಲೆಗೆ ಕಡು ಅಕ್ಷರ ಇಡಿ. ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.

ಕಾರ್ಡಿನಿಂದ ಆಚೆ

ಮನೆಯಲ್ಲಿ ಕೇಕ್ ಮಾಡಿ ಮಾರುವವರು, ಬ್ಯೂಟಿ ಪಾರ್ಲರ್‌ನವರು ಇದೇ ಫಾಂಟನ್ನು ಸ್ಟಿಕರ್‌ಗೂ ಬೋರ್ಡಿಗೂ ಕೇಳುತ್ತಾರೆ. ಡಬ್ಬದ ಲೇಬಲ್‌ಗೆ ಪ್ರಿಂಟ್ ಮಾಡಿದ ಸ್ಟಿಕರ್ ಆಗುತ್ತದೆ. ಅಕ್ಷರದ ಆಕಾರಕ್ಕೆ ಕತ್ತರಿಸಿದ ಸ್ಟಿಕರ್‌ಗೆ ಬೇಡ. ಎರಡು ಮಿಲಿಮೀಟರ್‌ಗಿಂತ ಸಪೂರ ಪಟ್ಟಿ ಗಾಜಿನಿಂದ ನಮ್ಮ ಒಂದು ಮಳೆಗಾಲದಲ್ಲೇ ಎದ್ದು ಬರುತ್ತದೆ. ಅಂಗಡಿ ಬೋರ್ಡಿನಲ್ಲಿ ಕನ್ನಡ ಶೇ. 60ರಷ್ಟು, ಮೇಲ್ಭಾಗದಲ್ಲಿ ಇರಬೇಕೆಂದು ರಾಜ್ಯದ ಕಾನೂನೇ ಇದೆ. ಆದ್ದರಿಂದ ಬೋರ್ಡಿನ ಜೋಡಣೆಯನ್ನು ಕನ್ನಡ ಅಕ್ಷರದಿಂದ ಶುರು ಮಾಡಿ. ಇಂಗ್ಲಿಷ್ ಸ್ಕ್ರಿಪ್ಟ್ ಅದರ ಕೆಳಗೆ ಸಣ್ಣದಾಗಿ ಬರಲಿ. ರಸ್ತೆಯ ಆಚೆ ಬದಿಯಿಂದ ಓದಲು ಆಗದಿದ್ದರೆ ಆ ಫಾಂಟ್ ಬೋರ್ಡಿಗೆ ಅಲ್ಲ.

ಇವು ಕಂಡರೆ ಕೆಲಸ ಅಲ್ಲೇ ನಿಲ್ಲಿಸಿ

ಪ್ರೆಸ್‌ನವರು "ಇದು ಸ್ವಲ್ಪ ತೆಳು ಆಯ್ತು, ನೋಡುವ" ಎಂದರೆ ನಿಲ್ಲಿಸಿ. ಆ "ನೋಡುವ" ಎಂಬ ಮಾತಿನಲ್ಲಿ ಅವರ ಅನುಭವ ಇದೆ, 6ನೇ ಹಂತಕ್ಕೆ ಹಿಂದೆ ಹೋಗಿ.

ಝೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟಿನಲ್ಲೇ ಗೆರೆ ತುಂಡಾಗಿ ಕಂಡರೆ ಫಾಯಿಲ್‌ನಲ್ಲಿ ಅದು ಖಂಡಿತ ಬರುವುದಿಲ್ಲ.

ಹೆಸರಿನ ಕೆಳಗೆ ಅದೇ ಹೆಸರನ್ನು ಸಾದಾ ಅಕ್ಷರದಲ್ಲಿ ಇನ್ನೊಮ್ಮೆ ಬರೆಯೋಣ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ, ಮೊದಲ ಹೆಸರು ಅವರಿಗೆ ಓದಲು ಬರುತ್ತಿಲ್ಲ ಎಂದರ್ಥ. ಎರಡನೆಯ ಸಾಲು ಸೇರಿಸುವ ಬದಲು ಮೊದಲನೆಯದರ ಫಾಂಟ್ ಬದಲಿಸಿ. ಪ್ಲೇಟ್ ಆಗುವ ಮೊದಲು ಅದಕ್ಕೆ ಬೇಕಾಗುವುದು ಅರ್ಧ ಗಂಟೆ.